ಗಂಜಿ ಹೊತ್ತು ಬಂದ ಸಂತ

ಮಳೆ ಕೈಕೊಟ್ಟು ಕಡಲೆಕಾಯಿ ಗಿಡ ಹೊಲದಲ್ಲೇ ಒಣಗಿದಾಗ ನಮ್ಮ ಪರಿಗಿ, ಹಿಂದೂಪುರದ ಕಡೆಯ ರೈತರು “ಸ್ವಾಮಿ, ಮಳೆಗಾಗಿ ಒಂದು ಪೂಜೆ ಇಡಿ” ಎಂದು ಬರುತ್ತಾರೆ. ಆಗೆಲ್ಲ ನಮಗೆ ಸಂತ ಜೋಸೆಫ್ ವಾಜರ ನೆನಪು. 1696ರ ಬರದಲ್ಲಿ ಸಿಂಹಳದ ಕ್ಯಾಂಡಿ ಅರಸನು ಇವರಿಂದ ಪ್ರಾರ್ಥನೆ ಮಾಡಿಸಿದನೆಂದೂ, ಮಳೆ ಸುರಿಯಿತೆಂದೂ ಅವರ ಚರಿತ್ರೆ ಹೇಳುತ್ತದೆ. ಆದರೆ ಮರುವರ್ಷ ನಡೆದದ್ದೇ ನಮಗೆ ದೊಡ್ಡದಾಗಿ ಕಾಣುತ್ತದೆ.

ವಾಜರು 1651ರಲ್ಲಿ ಗೋವೆಯ ಬೆನಾವ್ಲಿಯಲ್ಲಿ ಹುಟ್ಟಿದರು. 1681ರಿಂದ ಮೂರು ವರ್ಷ ನಮ್ಮ ಕನ್ನಡ ಕರಾವಳಿಯಲ್ಲಿ ಸೇವೆ ಮಾಡಿದರು. ಮಂಗಳೂರಿನ ಬಳಿಯ ಮುಡಿಪು ಗುಡ್ಡದಲ್ಲಿ ಇಂದಿಗೂ ಅವರ ಪುಣ್ಯಕ್ಷೇತ್ರವಿದೆ. 1687ರಲ್ಲಿ ಸಿಂಹಳಕ್ಕೆ ಹೋದರು. ಅಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರಿಂದ ಕೂಲಿಯವನ ವೇಷ ತೊಟ್ಟಿದ್ದರು. ಇಳಿದ ಕೆಲವೇ ದಿನಗಳಲ್ಲಿ ರಕ್ತಭೇದಿ ಹಿಡಿಯಿತು. ಜನ ಹತ್ತಿರ ಸುಳಿಯಲಿಲ್ಲ. ಒಬ್ಬ ತಾಯಿ ತಂದುಕೊಟ್ಟ ಗಂಜಿಯೇ ಅವರನ್ನು ಉಳಿಸಿತಂತೆ.

ಹತ್ತು ವರ್ಷದ ಮೇಲೆ, 1697ರಲ್ಲಿ, ಕ್ಯಾಂಡಿಗೆ ಸಿಡುಬು ಬಂತು. ಅನುಕೂಲವಿದ್ದವರು ಊರು ಬಿಟ್ಟರು. ರೋಗಿಗಳನ್ನು ಕಾಡಿಗೆ ಬಿಟ್ಟುಬಂದವರೂ ಇದ್ದರು. ವಾಜರು ತಮ್ಮ ಸೋದರಳಿಯ ಫಾದರ್ ಕಾರ್ವಾಲೊ ಅವರೊಡನೆ ಅಂಥವರನ್ನು ಹುಡುಕಿ ತಂದು, ಹುಣ್ಣು ತೊಳೆದು, ಗಂಜಿ ಕುಡಿಸಿ, ಸತ್ತವರನ್ನು ಮಣ್ಣು ಮಾಡಿದರು. ಜಾತಿ ಮತ ಕೇಳಲಿಲ್ಲ. ಆ ಕಾಲಕ್ಕೆ ಸಿಡುಬಿಗೆ ಮದ್ದೆಲ್ಲಿತ್ತು? ಅವರ ಬಳಿ ಇದ್ದದ್ದು ನೀರು, ಗಂಜಿ, ಪ್ರಾರ್ಥನೆ. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡರು. 2015ರಲ್ಲಿ ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು.

ಸಿಡುಬು ಲೋಕದಿಂದಲೇ ತೊಲಗಿದೆ ಎಂದು 1980ರಲ್ಲಿ ಸಾರಲಾಯಿತು. ರೋಗಿಯನ್ನು ದೂರವಿಡುವ ಚಾಳಿ ಮಾತ್ರ ತೊಲಗಿಲ್ಲ. ನಮ್ಮ ತಪ್ಪನ್ನೂ ಒಪ್ಪಿಕೊಳ್ಳುತ್ತೇವೆ. ಒಂದು ಹಳ್ಳಿಯಲ್ಲಿ ಕ್ಷಯ ಹಿಡಿದ ಹಿರಿಯರೊಬ್ಬರನ್ನು ದನದ ಕೊಟ್ಟಿಗೆಯಲ್ಲಿ ಮಲಗಿಸಿದ್ದರು, ತಟ್ಟೆ ಲೋಟ ಬೇರೆ. ನಾವು ಬಾಗಿಲಲ್ಲೇ ನಿಂತು ಆಶೀರ್ವಾದ ಕೊಟ್ಟು ಬಂದೆವು! ಆ ರಾತ್ರಿ ನಿದ್ದೆ ಬರಲಿಲ್ಲ.

ಕ್ಷಯ ಹರಡುವುದು ಕೆಮ್ಮಿದಾಗ ಗಾಳಿಯಿಂದ, ತಟ್ಟೆ ಲೋಟದಿಂದಲ್ಲ. ಬಾಯಿಗೆ ಬಟ್ಟೆ ಹಿಡಿದು ಕೆಮ್ಮಬೇಕು, ಕಿಟಕಿ ತೆರೆದಿರಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಉಚಿತ. ಸಾಮಾನ್ಯವಾಗಿ ಆರು ತಿಂಗಳು ನುಂಗಬೇಕು. ಕೆಮ್ಮು ನಿಂತಿತೆಂದು ನಡುವೆ ಬಿಟ್ಟರೆ ಕಾಯಿಲೆ ಮರುಕಳಿಸಿ, ಅದೇ ಮಾತ್ರೆಗೆ ಬಗ್ಗದೆ ಹೋಗಬಹುದು. ಎರಡು ವಾರಕ್ಕೂ ಮೀರಿ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಮಾತ್ರೆಯ ಜೊತೆಗೆ ಮುದ್ದೆ, ಬೇಳೆ, ಮೊಟ್ಟೆ, ನಮ್ಮ ಹೊಲದ ಕಡಲೆಕಾಯಿ ಹೊಟ್ಟೆಗೆ ಬೀಳಬೇಕು.

ಮರುದಿನ ನಾವು ಮತ್ತೆ ಹೋಗಿ ಕೊಟ್ಟಿಗೆಯೊಳಗೇ ಕೂತೆವು. ಸೊಸೆ ರಾಗಿ ಗಂಜಿ ತಂದು ಬಾಗಿಲಲ್ಲಿ ನಿಂತಳು. ಸ್ವಲ್ಪ ಹೊತ್ತಾದ ಮೇಲೆ ತಾನೂ ಒಳಗೆ ಬಂದಳು.