ಒಂದು ಬದಿ ಮೂಕವಾದ ಟೇಪ್ ಡೆಕ್
ಅಗಲಿದ ಹಿರಿಯರ ಕಂಠವನ್ನು ಕಾಪಿಟ್ಟ ಕ್ಯಾಸೆಟ್ಟುಗಳು ನಮ್ಮ ಅನೇಕ ಮನೆಗಳಲ್ಲಿವೆ. ಹಳೆಯ ಡೆಕ್ಕಿನಲ್ಲಿ ಒಂದು ಬದಿಯ ಧ್ವನಿ ನಿಂತೊಡನೆ ಕ್ಯಾಸೆಟ್ಟೇ ಕೆಟ್ಟಿತೆಂದು ನಾವು ಭಾವಿಸಬಾರದು.

ಮೊದಲು ಸಾಧಾರಣ ಕ್ಯಾಸೆಟ್ಟೊಂದನ್ನು ಹಾಕಿ ಪರೀಕ್ಷಿಸೋಣ. ಆಗಲೂ ಮೌನವಿದ್ದರೆ, ವಿದ್ಯುತ್ತನ್ನು ಆರಿಸಿ, ಡೆಕ್ಕಿನ ಹಿಂಬದಿಯ ಎಡ-ಬಲ ತಂತಿಗಳನ್ನು ಅದಲುಬದಲು ಮಾಡಬೇಕು. ಮೌನವು ಇನ್ನೊಂದು ಸ್ಪೀಕರಿಗೆ ಹೋದರೆ ದೋಷ ಡೆಕ್ಕಿನದು. ಇದ್ದಲ್ಲೇ ಉಳಿದರೆ ತಂತಿ, ಆಂಪ್ಲಿಫೈಯರ್ ಅಥವಾ ಸ್ಪೀಕರಿನದು.

ಡೆಕ್ಕಿನದಾದರೆ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ನೆನೆಸಿದ ಹತ್ತಿಯಿಂದ ಒರೆಸಿ ಒಣಗಿಸಬೇಕು. 3.81 ಮಿ.ಮೀ. ಅಗಲದ ಪಟ್ಟಿಯಲ್ಲಿ 4 ಧ್ವನಿಪಥಗಳಿರುವುದರಿಂದ ಅಲ್ಪ ಕೊಳೆಯೂ ಒಂದನ್ನು ಮುಚ್ಚಬಲ್ಲುದು. ಇದೂ ಫಲಿಸದಿದ್ದರೆ ಮುದ್ರಣ ಸ್ವಿಚ್ಚಿಗೆ ಕಿಲುಬು ಹಿಡಿದಿರಬಹುದು, ಹೆಡ್ಡಿನ ಬೆಸುಗೆ ಬಿಟ್ಟಿರಬಹುದು. ಅದನ್ನು ಬಲ್ಲವರಿಗೆ ಒಪ್ಪಿಸೋಣ.

ದುರಸ್ತಿಯಾದೊಡನೆ ಆ ಕಂಠವನ್ನು ಕಂಪ್ಯೂಟರಿಗೆ ಪ್ರತಿ ಮಾಡಿಕೊಳ್ಳೋಣ. ಯಂತ್ರ ಮತ್ತೊಂದು ದೊರೆತೀತು, ಅಗಲಿದವರ ದನಿ ದೊರೆಯದು.