ಇಂಗ್ಲೆಂಡಿನ ಕಾಲುದಾರಿಗಳು

ಒಂದು ನಾಡಿನ ನಿಜವಾದ ಸ್ವರೂಪವನ್ನು ಅರಿಯಬೇಕಾದರೆ ಆ ನಾಡಿನಲ್ಲಿ ಕಾಲ್ನಡಿಗೆಯಿಂದ ಸಂಚರಿಸಬೇಕು ಎಂದು ಬಲ್ಲವರು ಹೇಳುತ್ತಾರೆ. ರೈಲು ಮೋಟಾರುಗಳಲ್ಲಿ ಧಾವಿಸುವವನಿಗೆ ಬೆಟ್ಟ ಹೊಳೆಗಳು ಕಿಟಕಿಯಾಚೆ ಕ್ಷಣಕಾಲ ಮೂಡಿ ಮರೆಯಾಗುವ ಚಿತ್ರಗಳು ಮಾತ್ರ; ನಡೆಯುವವನಿಗಾದರೋ ಅವು ಸಹಚರರಿದ್ದಂತೆ. ಇಂಗ್ಲೆಂಡಿನ ಜನರು ಈ ಸುಖವನ್ನು ಚೆನ್ನಾಗಿ ಬಲ್ಲರು. ಅಲ್ಲಿನ ಗ್ರಾಮಾಂತರ ಪ್ರದೇಶ ಹಿಮಾಲಯದಂತೆ ಭವ್ಯವಾದುದಲ್ಲ. ದಟ್ಟವಾದ ಕಾಡುಗಳಿಂದ ಭಯ ಹುಟ್ಟಿಸುವಂಥದೂ ಅಲ್ಲ. ಅಲೆ ಅಲೆಯಾಗಿ ಏರಿಳಿಯುವ ಹಸುರು ಗುಡ್ಡಗಳು, ಅವುಗಳ ನಡುವೆ ಹರಿಯುವ ತಿಳಿನೀರಿನ ಹೊಳೆಗಳು, ಮೇಯುತ್ತಿರುವ ಕುರಿಮಂದೆಗಳು, ದೂರದಲ್ಲೊಂದು ಇಗರ್ಜಿಯ ಗೋಪುರ: ಇವೇ ಅದರ ಐಶ್ವರ್ಯ. ಮಕ್ಕಳೂ ವೃದ್ಧರೂ ಆಯಾಸವಿಲ್ಲದೆ ಅರ್ಧ ದಿನದಲ್ಲಿ ನಡೆದು ಮುಗಿಸಬಹುದಾದ ದಾರಿಗಳು ಅಲ್ಲಿ ಲೆಕ್ಕವಿಲ್ಲದಷ್ಟಿವೆ. ಆದರೆ ಈ ಸುಲಭವಾದ ನಡಿಗೆ ಸುಲಭವಾಗಿ ದೊರೆತುದಲ್ಲ. ಅದರ ಹಿಂದೆ ನೂರಾರು ವರ್ಷಗಳ ನಷ್ಟ, ಹೋರಾಟ ಮತ್ತು ಎಚ್ಚರಗಳ ಇತಿಹಾಸವುಂಟು.

ಅಂಥ ನಡಿಗೆಗೆ ಡವ್‌ಡೇಲ್ ಕಣಿವೆ ಒಂದು ಒಳ್ಳೆಯ ನಿದರ್ಶನ. ಇದು ಇಂಗ್ಲೆಂಡಿನ ಮಧ್ಯಭಾಗದಲ್ಲಿರುವ ಪೀಕ್ ಡಿಸ್ಟ್ರಿಕ್ಟ್ ಎಂಬ ಪ್ರದೇಶದಲ್ಲಿದೆ. ಡರ್ಬಿಷೈರ್ ಮತ್ತು ಸ್ಟಾಫರ್ಡ್‌ಷೈರ್ ಪ್ರಾಂತಗಳಿಗೆ ಗಡಿಯಾಗಿ ಹರಿಯುವ ಡವ್ ಎಂಬ ಚಿಕ್ಕ ನದಿ ಸುಣ್ಣಕಲ್ಲಿನ ಬೆಟ್ಟಗಳನ್ನು ಕೊರೆದು ಈ ಕಣಿವೆಯನ್ನು ನಿರ್ಮಿಸಿದೆ. 30 ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಬೆಚ್ಚನೆಯ ಆಳವಿಲ್ಲದ ಸಮುದ್ರವಿದ್ದಿತು. ಅದರಲ್ಲಿ ಬಾಳಿ ಅಳಿದ ಜೀವಿಗಳ ಚಿಪ್ಪುಗಳೇ ಪದರಪದರವಾಗಿ ಶೇಖರವಾಗಿ ಇಂದು ಬಂಡೆಗಳಾಗಿ ನಿಂತಿವೆ. ಕಣಿವೆಯ ಬಾಗಿಲಿನಲ್ಲಿ ಥಾರ್ಪ್ ಕ್ಲೌಡ್ ಎಂಬ ಗುಡ್ಡವಿದೆ. ಅದರ ಎತ್ತರ 287 ಮೀಟರು. ಇಲ್ಲಿ ಕ್ಲೌಡ್ ಎಂದರೆ ಮೋಡವಲ್ಲ; ಹಳೆಯ ಇಂಗ್ಲಿಷಿನಲ್ಲಿ ಬಂಡೆ ಅಥವಾ ಗುಡ್ಡ ಎಂಬ ಅರ್ಥದ ಪದವೊಂದರಿಂದ ಈ ಹೆಸರು ಬಂದಿದೆ. ಗುಡ್ಡದ ಬುಡದಲ್ಲಿ ಹೊಳೆಗೆ ಅಡ್ಡಲಾಗಿ ಸಾಲಾಗಿ ಇಟ್ಟ ದಾಟುಗಲ್ಲುಗಳ ಮೇಲೆ ಹೆಜ್ಜೆಯಿಡುತ್ತ ಜನ ಆಚೆಯ ದಡ ಸೇರುತ್ತಾರೆ.

ಅಲ್ಲಿಂದ ದಾರಿ ಹೊಳೆಯ ಅಂಚಿನಲ್ಲಿಯೇ ಸಾಗುತ್ತದೆ. ಎರಡೂ ಬದಿಗಳಲ್ಲಿ ಮರಗಳ ನಡುವಿನಿಂದ ಸುಣ್ಣಕಲ್ಲಿನ ಕೋಡುಗಳು ಮೇಲೆದ್ದಿವೆ. ಅಲ್ಲಲ್ಲಿ ಗುಹೆಗಳು ಬಾಯ್ದೆರೆದಿವೆ. ನೀರು ಎಷ್ಟು ತಿಳಿಯಾಗಿದೆಯೆಂದರೆ ಪ್ರವಾಹಕ್ಕೆ ಎದುರಾಗಿ ನಿಂತ ಟ್ರೌಟ್ ಮೀನುಗಳನ್ನು ದಡದಿಂದಲೇ ನೋಡಬಹುದು. ಸುಮಾರು 3 ಮೈಲಿ ನಡೆದರೆ ಮಿಲ್‌ಡೇಲ್ ಎಂಬ ಹಳ್ಳಿ ಸಿಕ್ಕುತ್ತದೆ. ಹಿಂದೆ ಹೇರುಕುದುರೆಗಳು ದಾಟುತ್ತಿದ್ದ ಕಿರಿದಾದ ಕಲ್ಲುಸೇತುವೆಯೊಂದು ಅಲ್ಲಿದೆ. ಐಸಾಕ್ ವಾಲ್ಟನ್ 1653ರಲ್ಲಿ ಪ್ರಕಟಿಸಿದ ಮೀನುಗಾರಿಕೆಯ ಪ್ರಸಿದ್ಧ ಗ್ರಂಥಕ್ಕೆ ಚಾರ್ಲ್ಸ್ ಕಾಟನ್ 1676ರಲ್ಲಿ ಒಂದು ಭಾಗವನ್ನು ಸೇರಿಸಿದನು. ಅದರಲ್ಲಿ ಬರುವ ವಿಯೇಟರ್ ಎಂಬ ಪ್ರಯಾಣಿಕ ಈ ಸೇತುವೆಯ ಇಕ್ಕಟ್ಟನ್ನು ಕಂಡು ಅಂಜುತ್ತಾನೆ. ಸೇತುವೆಗೆ ಇಂದಿಗೂ ಅವನದೇ ಹೆಸರು.

ಕಣಿವೆಯ ಬಹುಭಾಗ 1895ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ರಕ್ಷಣೆಯಲ್ಲಿದೆ. ಆದರೆ ಕಣಿವೆಯನ್ನು ಬಿಟ್ಟು ಮೇಲಿನ ಗುಡ್ಡಗಳಿಗೆ ಏರಿದೊಡನೆ ದಾರಿ ರೈತರ ಸ್ವಂತ ಹುಲ್ಲುಗಾವಲುಗಳನ್ನೂ ಹೊಲಗಳನ್ನೂ ಹಾದುಹೋಗುತ್ತದೆ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಜೋಡಿಸಿದ ಗೋಡೆಗಳು ಒಂದೊಂದು ಹೊಲವನ್ನೂ ಸುತ್ತುವರಿದಿವೆ. ಆ ಗೋಡೆಗಳನ್ನು ದಾಟಲು, ಮಲೆನಾಡಿನ ಬೇಲಿಗಳಲ್ಲಿ ಕಾಣುವ ತಡಬೆಯಂತೆ, ಮನುಷ್ಯರು ಮಾತ್ರ ದಾಟಬಲ್ಲ ಮೆಟ್ಟಿಲುಗಳಿರುತ್ತವೆ. ದಾರಿ ತಪ್ಪದಿರಲೆಂದು ಅಲ್ಲಲ್ಲಿ ಬಾಣದ ಗುರುತುಗಳಿವೆ. ಹಳದಿ ಬಾಣ ನಡೆಯುವವರ ದಾರಿಯನ್ನೂ, ನೀಲಿ ಬಾಣ ಕುದುರೆ ಸವಾರರೂ ಬಳಸಬಹುದಾದ ದಾರಿಯನ್ನೂ ಸೂಚಿಸುತ್ತವೆ. ಹೊಲ ಒಡೆಯನದು, ಆದರೆ ಅದರ ನಡುವಣ ಕಾಲುದಾರಿಯಲ್ಲಿ ನಡೆಯುವ ಹಕ್ಕು ಎಲ್ಲರದು. ಒಡೆಯನು ಯಾರೆಂದು ಕೇಳಬೇಕಾಗಿಲ್ಲ, ಅವನ ಅಪ್ಪಣೆಯನ್ನು ಬೇಡಬೇಕಾಗಿಲ್ಲ. ಬಿತ್ತನೆಗಾಗಿ ಹೊಲದ ನಡುವಣ ದಾರಿಯನ್ನು ಉತ್ತರೆ, ಅವನು 14 ದಿನಗಳೊಳಗಾಗಿ ಕನಿಷ್ಠ 1 ಮೀಟರು ಅಗಲಕ್ಕೆ ಅದನ್ನು ಮತ್ತೆ ನಡೆಯಲು ಯೋಗ್ಯವಾಗುವಂತೆ ಮಾಡಿಕೊಡಬೇಕೆಂದು ಕಾನೂನು ವಿಧಿಸುತ್ತದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಸಾರ್ವಜನಿಕರಿಗೆ ಹಕ್ಕುಳ್ಳ ಇಂಥ ದಾರಿಗಳ ಒಟ್ಟು ಉದ್ದ ಸುಮಾರು 2,25,000 ಕಿಲೋಮೀಟರುಗಳು.

ಈ ದಾರಿಗಳು ವಿಹಾರಕ್ಕಾಗಿ ಹುಟ್ಟಿದವುಗಳಲ್ಲ. ಹಳ್ಳಿಗರು ಇಗರ್ಜಿಗೂ ಗಿರಣಿಗೂ ಸಂತೆಗೂ ನೆರೆಯೂರಿಗೂ ದಿನದಿನವೂ ನಡೆದಾಡಿದುದರಿಂದಲೇ ಅವು ಮೂಡಿದವು. ಆ ಕಾಲದಲ್ಲಿ ಊರಿನ ಸುತ್ತ ಹೇರಳವಾದ ಗೋಮಾಳಗಳಿದ್ದವು. ಬಡವನ ಹಸುವೂ ಅಲ್ಲಿ ಮೇಯಬಹುದಿತ್ತು. ಮುಂದೆ ಭೂಮಾಲಿಕರು ಪಾರ್ಲಿಮೆಂಟಿನ ಶಾಸನಗಳ ಮೂಲಕ ಈ ನೆಲಗಳಿಗೆ ಬೇಲಿ ಹಾಕತೊಡಗಿದರು. 1604ರಿಂದ 1914ರವರೆಗೆ ಇಂಥ 5,200ಕ್ಕೂ ಹೆಚ್ಚು ಶಾಸನಗಳಾದವು. ಸುಮಾರು 68 ಲಕ್ಷ ಎಕರೆ ಭೂಮಿ ಅವುಗಳ ವ್ಯಾಪ್ತಿಗೆ ಒಳಗಾಯಿತು. ನೆಲದೊಡನೆ ಅನೇಕ ದಾರಿಗಳೂ ಮುಚ್ಚಿಹೋದವು. ಅನಾವಶ್ಯಕವೆಂದು ತೋರಿದ ದಾರಿಯನ್ನು ಇಬ್ಬರು ನ್ಯಾಯಾಧಿಕಾರಿಗಳು ಸೇರಿ ಮುಚ್ಚಿಸಬಹುದೆಂದು 1815ರಲ್ಲಿ ಒಂದು ಕಾನೂನಾಯಿತು. ಆ ಅಧಿಕಾರಿಗಳೇ ಬಹುಮಟ್ಟಿಗೆ ಭೂಮಾಲಿಕರಾಗಿದ್ದರೆಂಬುದನ್ನು ನೆನೆದರೆ ಅದರ ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಕೃಷಿಕಾರ್ಮಿಕನ ಮಗನಾಗಿ ಹುಟ್ಟಿದ ಕವಿ ಜಾನ್ ಕ್ಲೇರ್ ತನ್ನೂರಿನ ಬಯಲುಗಳು ಹೀಗೆ ಬೇಲಿಯ ಪಾಲಾದುದನ್ನು ಕಣ್ಣಾರೆ ಕಂಡು ಕವಿತೆಗಳಲ್ಲಿ ದುಃಖಿಸಿದ್ದಾನೆ. 1826ರಲ್ಲಿ ಮ್ಯಾಂಚೆಸ್ಟರಿನ ನಾಗರಿಕರು ಹಳೆಯ ಕಾಲುದಾರಿಗಳನ್ನು ಉಳಿಸುವುದಕ್ಕಾಗಿಯೇ ಒಂದು ಸಂಘವನ್ನು ಕಟ್ಟಿದರು.

ಕೈಗಾರಿಕೆ ಬೆಳೆದಂತೆ ಈ ದಾರಿಗಳಿಗೆ ಹೊಸದೊಂದು ಅರ್ಥ ಬಂದಿತು. ಮ್ಯಾಂಚೆಸ್ಟರ್ ಮತ್ತು ಷೆಫೀಲ್ಡ್ ನಗರಗಳ ಕಾರ್ಮಿಕರು ವಾರವೆಲ್ಲ ಹೊಗೆಯಲ್ಲಿ ದುಡಿದು, ಭಾನುವಾರದಂದು ಶುದ್ಧವಾದ ಗಾಳಿಗಾಗಿ ಪೀಕ್ ಡಿಸ್ಟ್ರಿಕ್ಟಿನ ಬೆಟ್ಟಗಳಿಗೆ ಧಾವಿಸುತ್ತಿದ್ದರು. ಆದರೆ ಡವ್‌ಡೇಲಿನ ಉತ್ತರಕ್ಕಿರುವ ಕಿಂಡರ್ ಸ್ಕೌಟ್ ಎಂಬ 636 ಮೀಟರು ಎತ್ತರದ ಪ್ರಸ್ಥಭೂಮಿ ಅವರಿಗೆ ನಿಷಿದ್ಧವಾಗಿತ್ತು. ಶ್ರೀಮಂತರು ಅಲ್ಲಿ ಗ್ರೌಸ್ ಎಂಬ ಹಕ್ಕಿಯನ್ನು ಬೇಟೆಯಾಡುತ್ತಿದ್ದರು. ವರ್ಷದ ಕೆಲವೇ ದಿನಗಳ ಆ ವಿನೋದಕ್ಕಾಗಿ ಕಾವಲುಗಾರರು ವರ್ಷವೆಲ್ಲ ಜನರನ್ನು ತಡೆಯುತ್ತಿದ್ದರು. 1932ರ ಏಪ್ರಿಲ್ 24ರಂದು ಬೆನ್ನಿ ರಾತ್‌ಮನ್ ಎಂಬ 20 ವರ್ಷದ ತರುಣನ ಮುಂದಾಳುತನದಲ್ಲಿ ಸುಮಾರು 400 ಮಂದಿ ಆ ನಿಷೇಧವನ್ನು ಬಹಿರಂಗವಾಗಿಯೇ ಮೀರಿ ಬೆಟ್ಟವನ್ನೇರಿದರು. ಕಾವಲುಗಾರರೊಡನೆ ನೂಕುನುಗ್ಗಲಾಯಿತು. ಪೊಲೀಸರು ಆರು ಮಂದಿಯನ್ನು ಸೆರೆಹಿಡಿದರು. ಅವರಲ್ಲಿ ಐವರಿಗೆ 2ರಿಂದ 6 ತಿಂಗಳವರೆಗೆ ಕಾರಾಗೃಹವಾಸ ಪ್ರಾಪ್ತವಾಯಿತು. ರಾತ್‌ಮನ್ 4 ತಿಂಗಳು ಸೆರೆಯಲ್ಲಿದ್ದನು. ಈ ಮಾರ್ಗವನ್ನು ಆಗಿನ ಎಲ್ಲ ಪಾದಚಾರಿ ಸಂಘಗಳೂ ಒಪ್ಪಲಿಲ್ಲ. ಇದರಿಂದ ಭೂಮಾಲಿಕರ ಮನಸ್ಸು ಮತ್ತಷ್ಟು ಕಠಿಣವಾದೀತೆಂದು ಹಲವರು ಅಂಜಿದರು. ಆದರೆ ಬೆಟ್ಟದ ಮೇಲೆ ನಡೆದುದಕ್ಕಾಗಿ ತರುಣರು ಸೆರೆಮನೆ ಸೇರಬೇಕಾಯಿತೆಂಬ ಸುದ್ದಿ ನಾಡಿನ ಗಮನವನ್ನು ಸೆಳೆಯದಿರಲಿಲ್ಲ.

ಎರಡನೆಯ ಮಹಾಯುದ್ಧದ ತರುವಾಯ, 1949ರಲ್ಲಿ, ರಾಷ್ಟ್ರೀಯ ಉದ್ಯಾನಗಳನ್ನು ಕುರಿತ ಶಾಸನವು ಜಾರಿಗೆ ಬಂದಿತು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಪ್ರಥಮ ರಾಷ್ಟ್ರೀಯ ಉದ್ಯಾನವಾಯಿತು. ಪ್ರತಿಯೊಂದು ಪ್ರಾಂತವೂ ತನ್ನ ಕಾಲುದಾರಿಗಳನ್ನು ಗುರುತಿಸಿ ಅಧಿಕೃತ ನಕ್ಷೆಯನ್ನು ಸಿದ್ಧಪಡಿಸಬೇಕೆಂದು ಅದೇ ಶಾಸನ ವಿಧಿಸಿತು. ಕರ್ನಾಟಕದ ಗ್ರಾಮನಕ್ಷೆಗಳಲ್ಲಿ ಬಂಡಿದಾರಿ, ಕಾಲುದಾರಿಗಳನ್ನು ಚುಕ್ಕೆಗೆರೆಗಳಿಂದ ತೋರಿಸಿರುವುದನ್ನು ಕಂಡವರಿಗೆ ಅಂಥ ನಕ್ಷೆಯ ಬೆಲೆ ತಿಳಿಯದಿರದು. ನಕ್ಷೆಯಲ್ಲಿ ದಾಖಲಾದ ದಾರಿಯನ್ನು ಯಾರೂ ಇಷ್ಟಬಂದಂತೆ ಮುಚ್ಚುವಂತಿಲ್ಲ. 1965ರಲ್ಲಿ ಈಡೇಲ್ ಎಂಬ ಹಳ್ಳಿಯಿಂದ ಸ್ಕಾಟ್ಲೆಂಡಿನ ಗಡಿಯಾಚೆಯವರೆಗೆ 268 ಮೈಲಿ ಉದ್ದದ ಪೆನೈನ್ ದಾರಿ ತೆರೆಯಿತು. 2000ದ ಶಾಸನವು ಬೆಟ್ಟ, ಬಂಜರು ಮತ್ತು ಗೋಮಾಳಗಳ ವಿಶಾಲ ಪ್ರದೇಶಗಳಲ್ಲಿ ದಾರಿಯನ್ನು ಬಿಟ್ಟೂ ಸಂಚರಿಸುವ ಹಕ್ಕನ್ನು ನೀಡಿತು. 2002ರಲ್ಲಿ ಕಿಂಡರ್ ಘಟನೆಯ 70ನೆಯ ವರ್ಷದ ಸಮಾರಂಭದಲ್ಲಿ ಡೆವನ್‌ಷೈರಿನ 11ನೆಯ ಡ್ಯೂಕನು, ಅಂದು ಆ ಬೆಟ್ಟದ ಒಡೆಯನಾಗಿದ್ದ ತನ್ನ ಅಜ್ಜನ ಪರವಾಗಿ ಜನರ ಮುಂದೆ ಕ್ಷಮೆಯನ್ನು ಕೋರಿದನು.

ಹಕ್ಕಿನ ಜೊತೆಗೆ ಕರ್ತವ್ಯವೂ ಬರುತ್ತದೆ. ನಡೆಯುವವನು ತೆರೆದ ಗೇಟನ್ನು ಮುಚ್ಚದೆ ಹೋದರೆ ರೈತನ ಕುರಿಗಳು ರಸ್ತೆಯ ಪಾಲಾಗುತ್ತವೆ. ನಾಯಿಯನ್ನು ಹತೋಟಿಯಲ್ಲಿಡದಿದ್ದರೆ ಗಬ್ಬದ ಕುರಿಗಳು ಬೆದರುತ್ತವೆ. ದಾರಿ ಬಿಟ್ಟು ಹೊಲಕ್ಕೆ ಇಳಿದರೆ ಪೈರು ಹಾಳಾಗುತ್ತದೆ. ದಾರಿಯನ್ನು ಬಳಸುವವನು ಹೊಲದವನ ದುಡಿಮೆಯನ್ನು ಗೌರವಿಸಿದಾಗ ಮಾತ್ರ ಹೊಲದವನೂ ದಾರಿಯನ್ನು ಗೌರವಿಸುತ್ತಾನೆ. ಈ ಪರಸ್ಪರ ಮರ್ಯಾದೆಯಿಲ್ಲದೆ ಕಾನೂನೊಂದೇ ಯಾವ ದಾರಿಯನ್ನೂ ಬಹುಕಾಲ ಕಾಯಲಾರದು.

ಇಂಗ್ಲೆಂಡಿನ ಕಾನೂನಿನಲ್ಲಿ ಗಮನಾರ್ಹವಾದ ಇನ್ನೊಂದು ನಿಯಮವುಂಟು. ಜನರು ಒಂದು ದಾರಿಯಲ್ಲಿ 20 ವರ್ಷಗಳ ಕಾಲ ಬಹಿರಂಗವಾಗಿ, ಅಡ್ಡಿಯಿಲ್ಲದೆ, ಹಕ್ಕಿನಿಂದೆಂಬಂತೆ ನಡೆದಿದ್ದರೆ, ಅದನ್ನು ಸಾರ್ವಜನಿಕರಿಗೆ ಬಿಟ್ಟುಕೊಡುವ ಉದ್ದೇಶ ಒಡೆಯನಿಗೆ ಇರಲಿಲ್ಲವೆಂದು ಸಿದ್ಧಪಡದ ಹೊರತು, ಅದು ಸಾರ್ವಜನಿಕ ದಾರಿಯಾಗುತ್ತದೆ. ಎಂದರೆ ದಾರಿಯನ್ನು ಸೃಷ್ಟಿಸುವುದು ಅರಸನ ಆಜ್ಞೆಯಲ್ಲ, ಸಾಮಾನ್ಯರ ಪಾದಗಳು. ಡವ್ ನದಿಯ ದಂಡೆಯಲ್ಲಿ ರಜೆಯ ದಿನ ಮಗುವೊಂದು ತಾಯಿಯ ಕೈಹಿಡಿದು ಕಲ್ಲಿನಿಂದ ಕಲ್ಲಿಗೆ ಹೆಜ್ಜೆಯಿಡುವಾಗ ಈ ಇತಿಹಾಸವೊಂದೂ ಅದಕ್ಕೆ ತಿಳಿದಿರುವುದಿಲ್ಲ. ಆದರೂ ಆ ಪುಟ್ಟ ಹೆಜ್ಜೆಗಳು ದಾರಿಯನ್ನು ಮುಂದಿನವರಿಗಾಗಿ ಉಳಿಸುತ್ತಲೇ ಇರುತ್ತವೆ.