ಸಕ್ಕರೆ ಹತೋಟಿಗೆ ಬಂದರೂ ಮೂತ್ರಪಿಂಡ ಸೋಲುವುದೇಕೆ?

‘ಡಾಕ್ಟ್ರೇ, ಸಕ್ಕರೆ ಈಗ ಹತೋಟಿಯಲ್ಲಿದೆ. ಆದರೂ ಕ್ರಿಯಾಟಿನಿನ್ ಏರುತ್ತಲೇ ಇದೆಯಲ್ಲ?’ ಹಲವಾರು ವರ್ಷಗಳಿಂದ ಸಕ್ಕರೆ ಕಾಯಿಲೆ ಇರುವವರು ಕೇಳುವ ಪ್ರಶ್ನೆಯಿದು. ಉತ್ತರದ ಒಂದು ಪಾಲು ನಮ್ಮದೇ ಬಿಳಿ ರಕ್ತಕಣಗಳಲ್ಲಿದೆ.

ಒಂದೊಂದು ಮೂತ್ರಪಿಂಡದಲ್ಲೂ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ಪ್ರತಿಯೊಂದರಲ್ಲೂ ರಕ್ತ ಸೋಸುವ ಸೂಕ್ಷ್ಮ ರಕ್ತನಾಳಗಳ ಗೊಂಚಲು, ಅದಕ್ಕೆ ಸೇರಿದ ನಳಿಕೆ ಇರುತ್ತವೆ. ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡದಿಂದ ಗೊಂಚಲು ಹಾಳಾದರೆ ರಕ್ತದ ಪ್ರೋಟೀನು ನಳಿಕೆಗೆ ಸೋರುತ್ತದೆ. ಅದನ್ನು ಹೀರಿಕೊಂಡು ಬಳಲಿದ ನಳಿಕೆಯ ಜೀವಕೋಶಗಳು ಅಪಾಯ ಸೂಚಿಸುವ ರಾಸಾಯನಿಕಗಳನ್ನು ಹೊರಬಿಡುತ್ತವೆ. ಆ ಕರೆಗೆ ಓಗೊಟ್ಟು ರಕ್ತದಿಂದ ಬರುವ ಕೆಲವು ಬಿಳಿಕಣಗಳು ಅಲ್ಲಿ ‘ಮ್ಯಾಕ್ರೋಫೇಜ್’ ಎಂಬ ಭಕ್ಷಕ ಕಣಗಳಾಗುತ್ತವೆ. ಟಿ ಕಣಗಳೂ ಜೊತೆಗೂಡುತ್ತವೆ.

ಇವು ನಮ್ಮ ವೈರಿಗಳೇನಲ್ಲ. ಕೈ ಕುಯ್ದುಕೊಂಡಾಗ ಸತ್ತ ಜೀವಕೋಶಗಳನ್ನು ನುಂಗಿ ಗಾಯ ಮಾಯಲು ನೆರವಾಗುವವೂ ಇವೇ. ಅಲ್ಲಿ ಕೆಲಸ ಮುಗಿದ ಮೇಲೆ ಇವುಗಳ ಸಂಖ್ಯೆ ತಗ್ಗುತ್ತದೆ. ಮೂತ್ರಪಿಂಡದಲ್ಲಾದರೋ ಸೋರಿಕೆ ನಿಲ್ಲದ ತನಕ ಕೆಲಸ ಮುಗಿಯುವುದಿಲ್ಲ. ಉರಿಯೂತ ಒಳಗೊಳಗೇ ಮುಂದುವರಿಯುತ್ತದೆ. ಭಕ್ಷಕ ಕಣಗಳು ಸ್ರವಿಸುವ ವಸ್ತುಗಳಿಂದ ಪ್ರಚೋದನೆಗೊಂಡ ಬೇರೆ ಜೀವಕೋಶಗಳು ನಾರಿನ ಅಂಶವನ್ನು ತುಂಬುತ್ತಾ ಹೋಗುತ್ತವೆ. ಸುಟ್ಟಗಾಯದ ಕಲೆಯಂತೆ ಗಡುಸಾದ ಆ ಭಾಗ ಮತ್ತೆ ಕೆಲಸ ಮಾಡಲಾರದು. ಅದರ ಹೊರೆ ಉಳಿದ ನೆಫ್ರಾನ್‌ಗಳ ಮೇಲೆ ಬಿದ್ದು ಅವೂ ಸೋರತೊಡಗುತ್ತವೆ.

ಇಷ್ಟೆಲ್ಲ ನಡೆಯುವಾಗ ನೋವೇ ಇರುವುದಿಲ್ಲ. ಅರ್ಧದಷ್ಟು ಶಕ್ತಿ ಕುಂದುವವರೆಗೂ ಕ್ರಿಯಾಟಿನಿನ್ ಸಹಜವಾಗಿಯೇ ಕಾಣಬಹುದು. ಆದ್ದರಿಂದ ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಮೂತ್ರದ ಅಲ್ಬುಮಿನ್ ಪರೀಕ್ಷೆಯನ್ನೂ ಮಾಡಿಸಬೇಕು. ಸೋರಿಕೆ ಅದರಲ್ಲಿ ಬೇಗ ತಿಳಿಯುತ್ತದೆ.

‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ಪುಡಿ, ಟಾನಿಕ್ಕುಗಳನ್ನು ಹಿಡಿದು ಬರುವವರಿಗೆ ನಾನು ಹೇಳುವುದಿಷ್ಟೆ: ಇಲ್ಲಿನ ತೊಂದರೆ ಆ ಶಕ್ತಿಯ ಕೊರತೆಯಲ್ಲ. ಹಾಗಾದರೆ ಅದನ್ನು ಅಡಗಿಸುವ ಸ್ಟೀರಾಯ್ಡ್ ಕೊಡಬಹುದಲ್ಲ ಎನ್ನುವಿರಾ? ಲೂಪಸ್‌ನಂತಹ ಕಾಯಿಲೆಯಲ್ಲಿ ರಕ್ಷಣಾ ವ್ಯವಸ್ಥೆಯೇ ಮೂತ್ರಪಿಂಡದ ಮೇಲೆ ಮೊದಲ ಏಟು ಹಾಕುತ್ತದೆ. ಅಲ್ಲಿ ಸ್ಟೀರಾಯ್ಡ್ ಬೇಕಾಗುತ್ತದೆ. ಸಕ್ಕರೆ ಕಾಯಿಲೆಯಿಂದಾದ ಹಾನಿಗೆ ಅದು ಮದ್ದಲ್ಲ, ಸಕ್ಕರೆಯನ್ನು ಇನ್ನಷ್ಟು ಏರಿಸುತ್ತದೆ.

ಇಲ್ಲಿ ಮಾಡಬೇಕಾದದ್ದು ಸೋರಿಕೆ ತಗ್ಗಿಸುವುದು. ರಾಮಿಪ್ರಿಲ್ ಅಥವಾ ಲೊಸಾರ್ಟಾನ್ ಮಾತ್ರೆಗಳು ಗೊಂಚಲಿನೊಳಗಿನ ಒತ್ತಡವನ್ನೇ ಇಳಿಸುತ್ತವೆ. ಗರ್ಭಿಣಿಯರಿಗೆ ಇವು ಸಲ್ಲವು. ಈಚೆಗೆ ಡಪಾಗ್ಲಿಫ್ಲೋಜಿನ್ ಕೂಡ ನೆರವಿಗೆ ಬಂದಿದೆ. ‘ಬಿ.ಪಿ. ಸರಿಹೋಯಿತಲ್ಲ’ ಎಂದು ಇಂತಹ ಮಾತ್ರೆಯನ್ನು ತಾವೇ ನಿಲ್ಲಿಸಿ, ಕಾಲು ಊದಿದ ಮೇಲೆ ಬರುವವರಿದ್ದಾರೆ. ರಾಮಿಪ್ರಿಲ್ ಅಥವಾ ಲೊಸಾರ್ಟಾನ್ ಆರಂಭಿಸಿದ ಎರಡರಿಂದ ನಾಲ್ಕು ವಾರಗಳೊಳಗೆ ಕ್ರಿಯಾಟಿನಿನ್, ಪೊಟ್ಯಾಸಿಯಂ ಪರೀಕ್ಷಿಸಿಕೊಳ್ಳಬೇಕು. ಮೊದಲಿಗೆ ಕ್ರಿಯಾಟಿನಿನ್ ತುಸು ಏರಿದರೆ ಗಾಬರಿಯಿಂದ ಮಾತ್ರೆ ಬಿಡದೆ, ಆ ವರದಿಯನ್ನು ವೈದ್ಯರಿಗೆ ತೋರಿಸಿ.